ಜಾಗರ್ ಬರೆದ ಮುನ್ನುಡಿ

ರಾಕ್ ಸಂಗೀತ ಚಕ್ ಬೆರ್ರಿ, ಲಿಟಲ್ ರಿಚರ್ಡ್‌ರಂಥ ಕಪ್ಪು ಜನ ಕಟ್ಟಿದ ಮನೆ. ಅವರ ಮೊಮ್ಮಕ್ಕಳ ಕಾಲಕ್ಕೆ ಆ ಮನೆಯ ಬಾಗಿಲಲ್ಲಿ ಬಿಳಿಯರು ಕಾವಲು ನಿಂತಿದ್ದರು. ಇದರ ವಿರುದ್ಧವೇ ನ್ಯೂಯಾರ್ಕಿನ ಗಿಟಾರ್ ವಾದಕ ವರ್ನನ್ ರೀಡ್ 1985ರಲ್ಲಿ ಗೆಳೆಯರೊಡನೆ 'ಬ್ಲ್ಯಾಕ್ ರಾಕ್ ಕೊಯಲಿಷನ್' ಕಟ್ಟಿದ್ದು. ಆದರೂ ಅವನ 'ಲಿವಿಂಗ್ ಕಲರ್' ತಂಡದ ನಾಲ್ವರು ಕಪ್ಪು ಹುಡುಗರನ್ನು ಎಪಿಕ್ ಕಂಪನಿ ಒಳಗೆ ಬಿಟ್ಟುಕೊಂಡದ್ದು, ಮಿಕ್ ಜಾಗರ್ ನಿಂತು ಅವರ ಎರಡು ಹಾಡು ಧ್ವನಿಮುದ್ರಿಸಿಕೊಟ್ಟ ಮೇಲೆ. 1988ರಲ್ಲಿ 'ವಿವಿಡ್' ಆಲ್ಬಮ್ ಬಂತು.

ಜಾಗರ್ ಒಳ್ಳೆಯವನೇ ಇರಬಹುದು. ಆದರೆ ಕಪ್ಪು ಜನರ ಬ್ಲೂಸ್ ಕೇಳಿ ಹಾಡು ಕಲಿತವನೇ ಅವರಿಗೆ ಸರ್ಟಿಫಿಕೇಟ್ ಕೊಡಬೇಕಾಯ್ತಲ್ಲ! ನಮ್ಮ ಹುಡುಗರು ಮೊದಲ ಸಂಕಲನಕ್ಕೆ ಮೇಲ್ಜಾತಿ ವಿಮರ್ಶಕರ ಮುನ್ನುಡಿಗಾಗಿ ಅಲೆಯೋದು ನೆನಪಾಗುತ್ತೆ. ನಾನೂ ಅಲೆದಿದ್ದೇನೆ.

ಮಾಲ್ಕಂ ಎಕ್ಸ್ ದನಿಯಿಂದ ಶುರುವಾಗುವ 'ಕಲ್ಟ್ ಆಫ್ ಪರ್ಸನಾಲಿಟಿ' ಹಾಡನ್ನು ಎಂ.ಟಿ.ವಿ. ಮತ್ತೆ ಮತ್ತೆ ತೋರಿಸಿತು. ಆಲ್ಬಮ್ ಬಿಲ್‌ಬೋರ್ಡ್ ಪಟ್ಟಿಯಲ್ಲಿ 6ನೇ ಸ್ಥಾನಕ್ಕೇರಿತು. 1990ರಲ್ಲಿ ಆ ಹಾಡಿಗೆ ಗ್ರ್ಯಾಮಿ. ಹೊಗಳಿಕೆಯೊಳಗೆ ಮಾತ್ರ 'ಕಪ್ಪು ಜನರೂ' ಅನ್ನೋ ಆ 'ಊ' ಉಳಿದೇ ಇತ್ತು.

ನನಗೆ ಹೆಚ್ಚಿನದು 'ಓಪನ್ ಲೆಟರ್ ಟು ಎ ಲ್ಯಾಂಡ್‌ಲಾರ್ಡ್'. ಬಡವರ ಕೇರಿ ಕೆಡವುವ ಮನೆಮಾಲೀಕನಿಗೆ ಕೇರಿಯವನೇ ನೇರ ಕೊಡುವ ಉತ್ತರ ಅದು. ಅಲ್ಲಿ ಯಾರ ಮುನ್ನುಡಿಯೂ ಬೇಕಾಗಿಲ್ಲ.