ಮಾಹಿತಿಗೂ ಮೈಯಿದೆ

ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಗಂಟೆಗೋಪುರ ಮೂರು ಹೊಡೆದ ಕೂಡಲೇ ಪಾಠ ಶುರುವಾಗುವುದಿಲ್ಲ. ಇನ್ನೂ ಹತ್ತು ನಿಮಿಷ ಬಿಡುವಿರುತ್ತದೆ. ಅಲ್ಲಿನವರು ಇದನ್ನು ‘ಬರ್ಕ್ಲಿ ಟೈಮ್’ ಎನ್ನುತ್ತಾರೆ. ವೇಳಾಪಟ್ಟಿಯಲ್ಲಿ ಮೂರು ಎಂದಿದ್ದರೆ ಮೂರು ಹತ್ತು ಎಂದೇ ಲೆಕ್ಕ. ಆ ಹತ್ತು ನಿಮಿಷ ನನಗೆ ಬಹಳ ಇಷ್ಟ. ಕೇಳಲು ಬಂದವನು ಬೆವರು ಒರೆಸಿಕೊಂಡು, ಕುರ್ಚಿ ಎಳೆದುಕೊಂಡು, ಮನಸ್ಸನ್ನು ಒಂದು ಕಡೆ ತಂದು ನಿಲ್ಲಿಸಲು ಅಷ್ಟಾದರೂ ಹೊತ್ತು ಬೇಕು.

307 ಅಡಿ ಎತ್ತರದ ಆ ಗೋಪುರದ ಪಕ್ಕದಲ್ಲೇ ಸೌತ್ ಹಾಲ್ ಇದೆ. ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನದ ಶಾಲೆ, ‘ಸ್ಕೂಲ್ ಆಫ್ ಇನ್‌ಫರ್ಮೇಶನ್’, ಇರುವುದು ಅಲ್ಲಿ. ಕಂಪ್ಯೂಟರ್ ಯುಗದ ಶಾಲೆ ಎಂದರೆ ಗಾಜಿನ ಗೋಡೆಗಳ ಕಟ್ಟಡವಿರಬೇಕು ಎಂದುಕೊಂಡು ಹೋದವರಿಗೆ ಎದುರಾಗುವುದು 1873ರ ಕೆಂಪು ಇಟ್ಟಿಗೆಯ ಮನೆ. ಇಳಿಜಾರು ಮಾಡು, ಎತ್ತರದ ಹೊಗೆಗೂಡುಗಳು, ಉದ್ದುದ್ದ ಕಿಟಕಿಗಳು. ವಿಶ್ವವಿದ್ಯಾಲಯ ಓಕ್‌ಲ್ಯಾಂಡಿನಿಂದ ಬರ್ಕ್ಲಿಗೆ ಬಂದ ವರ್ಷವೂ ಅದೇ. ಜೊತೆಗೆ ಕಟ್ಟಿದ ನಾರ್ತ್ ಹಾಲನ್ನು 1917ರಲ್ಲಿ ಕೆಡವಿದರು. ಉಳಿದದ್ದು ಇದೊಂದೇ, ಹಾಗಾಗಿ ಆವರಣದಲ್ಲಿ ಇದೇ ಅತಿ ಹಳೆಯದು. 1868ರ ಹೇವರ್ಡ್ ಭೂಕಂಪದ ನೆನಪು ಇನ್ನೂ ಹಸಿಯಾಗಿದ್ದ ಕಾಲದಲ್ಲಿ ಕಟ್ಟಿದ್ದರಿಂದ ಇಟ್ಟಿಗೆ ಸಾಲುಗಳ ನಡುವೆ ಕಬ್ಬಿಣದ ಪಟ್ಟಿಗಳನ್ನು ಸೇರಿಸಿದ್ದಾರೆ. ಮೊದಲು ಇಲ್ಲಿ ಕೃಷಿ ಕಾಲೇಜಿತ್ತು. ಆದ್ದರಿಂದಲೇ ಹೊರಗೋಡೆಯ ಎರಕದ ಫಲಕಗಳಲ್ಲಿ ಕ್ಯಾಲಿಫೋರ್ನಿಯಾದ ಹಣ್ಣು, ಧಾನ್ಯಗಳು ಇಂದಿಗೂ ತೂಗುತ್ತಿವೆ. 1980ರ ದಶಕದ ಕೊನೆಯಲ್ಲಿ ಕಟ್ಟಡವನ್ನು ಬಲಪಡಿಸಿದಾಗ ಶಿಲ್ಪಿಯೊಬ್ಬರು ಕಟಾಂಜನದ ಮೇಲೆ ಪುಟಾಣಿ ಕರಡಿಯೊಂದನ್ನು ಕೂರಿಸಿದರು. ಕರಡಿ ಈ ವಿಶ್ವವಿದ್ಯಾಲಯದ ಲಾಂಛನ. ಆವರಣದ ಕರಡಿಗಳಲ್ಲೆಲ್ಲ ಇದೇ ಚಿಕ್ಕದು ಎನ್ನುತ್ತಾರೆ. ಹುಡುಕಿ ನೋಡಬೇಕು, ತಾನಾಗಿ ಕಣ್ಣಿಗೆ ಬೀಳುವುದಿಲ್ಲ.

ಗ್ರಂಥಪಾಲಕರನ್ನು ತಯಾರು ಮಾಡುತ್ತಿದ್ದ ಹಳೆಯ ಶಾಲೆಯನ್ನು 1990ರ ದಶಕದ ನಡುವಿನಲ್ಲಿ ಹೊಸದಾಗಿ ಕಟ್ಟಿದಾಗ ಈ ಶಾಲೆ ಹುಟ್ಟಿತು. ಈಗಿನ ಹೆಸರು ಬಂದದ್ದು 2006ರಲ್ಲಿ. ಇಲ್ಲಿ ಕಾರ್ಯಕ್ರಮಗಳಿಗೆ ಬರವಿಲ್ಲ. ದೊಡ್ಡವರ ಆಹ್ವಾನಿತ ಉಪನ್ಯಾಸಗಳಿವೆ, ಮೇ ತಿಂಗಳಲ್ಲಿ ವಿದ್ಯಾರ್ಥಿಗಳು ತಮ್ಮ ಕೊನೆಯ ಯೋಜನೆಗಳನ್ನು ಎಲ್ಲರ ಮುಂದಿಡುವ ಸಂಭ್ರಮವಿದೆ. ಆದರೆ ಈ ಶಾಲೆಯ ರುಚಿ ಸಿಗುತ್ತಿದ್ದದ್ದು ಶುಕ್ರವಾರ ಮಧ್ಯಾಹ್ನದ ಗೋಷ್ಠಿಯಲ್ಲಿ ಎಂದೇ ನನ್ನ ಎಣಿಕೆ. ಮೈಕೇಲ್ ಬಕ್ಲಂಡ್ ಮತ್ತು ಕ್ಲಿಫರ್ಡ್ ಲಿಂಚ್ ಜೊತೆಯಾಗಿ ದಶಕಗಳ ಕಾಲ ಅದನ್ನು ನಡೆಸಿದರು. ಹೆಸರು ನೋಂದಾಯಿಸಿದ ವಿದ್ಯಾರ್ಥಿಗಳಲ್ಲದೆ ಆಸಕ್ತಿಯುಳ್ಳ ಯಾರು ಬೇಕಾದರೂ ಬಂದು ಕೂರಬಹುದಿತ್ತು. ಸೆಮಿಸ್ಟರಿನ ಮೊದಲ ವಾರ ಬಂದವರೆಲ್ಲ ತಾವು ಯಾರು, ಏನು ಮಾಡುತ್ತಿದ್ದೇವೆ ಎಂದು ಹೇಳಿಕೊಳ್ಳುತ್ತಿದ್ದರು. ಇನ್ನೂ ಮುಗಿಯದ ಕೆಲಸ, ಇನ್ನೂ ಗಟ್ಟಿಯಾಗದ ಯೋಚನೆ ತಂದರೂ ಇಲ್ಲಿ ಮರ್ಯಾದೆಯಿತ್ತು. ಬೈಠಕ್ಕಿನಲ್ಲಿ ಗಾಯಕ ರಾಗವನ್ನು ಇನ್ನೂ ಹುಡುಕುತ್ತಿರುವಾಗಲೇ ಕೇಳುಗರು ಅವನ ಜೊತೆ ನಡೆಯುತ್ತಾರಲ್ಲ, ಅಂಥ ಕೇಳುವಿಕೆ.

ಬಕ್ಲಂಡ್ ಇಂಗ್ಲೆಂಡಿನಲ್ಲಿ ಹುಟ್ಟಿದವರು. ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿ ದುಡಿದು, 1976ರಲ್ಲಿ ಗ್ರಂಥಪಾಲನೆಯ ಶಾಲೆಯ ಡೀನ್ ಆಗಿ ಬರ್ಕ್ಲಿಗೆ ಬಂದರು. ಮಾಹಿತಿ ಎಂದರೆ ತಲೆಯೊಳಗಿನ ಅರಿವು ಮಾತ್ರವಲ್ಲ, ಕೈಗೆ ಸಿಗುವ, ಎತ್ತಿಡಬಹುದಾದ ವಸ್ತುವೂ ಹೌದು ಎಂದು 1991ರಲ್ಲಿ ಬರೆದರು. ಗ್ರಂಥಾಲಯವಾಗಲಿ, ಕಂಪ್ಯೂಟರಾಗಲಿ ನೇರವಾಗಿ ನಿಭಾಯಿಸಬಲ್ಲದ್ದು ಆ ವಸ್ತುವನ್ನು ಮಾತ್ರ. ಈ ಮಾತಿನ ಬೆನ್ನು ಹತ್ತಿ ಅವರು ಬಹುಕಾಲ ಯಾರೂ ನೆನೆಯದಿದ್ದ ಫ್ರೆಂಚ್ ಗ್ರಂಥಪಾಲಕಿ ಸುಜಾನ್ ಬ್ರಿಯೆಯನ್ನು ಮತ್ತೆ ಮುನ್ನೆಲೆಗೆ ತಂದರು. 1951ರಲ್ಲಿ ಬ್ರಿಯೆ ಕೇಳಿದ್ದ ಪ್ರಶ್ನೆ ಎಷ್ಟು ಸೊಗಸಾಗಿದೆ ನೋಡಿ. ಆಕಾಶದ ನಕ್ಷತ್ರ ದಾಖಲೆಯೇ? ಅಲ್ಲ, ಅದರ ಛಾಯಾಚಿತ್ರ ದಾಖಲೆ. ಹೊಳೆಯಲ್ಲಿ ಉರುಳುವ ಬೆಣಚುಕಲ್ಲು ದಾಖಲೆಯಲ್ಲ. ಖನಿಜ ಸಂಗ್ರಹಾಲಯದಲ್ಲಿಟ್ಟ ಕಲ್ಲು ದಾಖಲೆ. ಹಾಗಾದರೆ ಆಫ್ರಿಕಾದ ಬಯಲಲ್ಲಿ ಓಡುವ ಜಿಂಕೆ? ಅದು ಬರೀ ಜಿಂಕೆ. ಅದು ಈವರೆಗೆ ಕಾಣದ ಜಾತಿಯದಾಗಿದ್ದು, ಹಿಡಿದು ತಂದು ಪ್ಯಾರಿಸ್ಸಿನ ಉದ್ಯಾನದಲ್ಲಿಟ್ಟು, ಪಟ್ಟಿಯಲ್ಲಿ ಸೇರಿಸಿ, ವಿದ್ವಾಂಸರು ಅದರ ಬಗ್ಗೆ ಬರೆಯತೊಡಗಿದರೆ ಜಿಂಕೆಯೇ ಮೂಲ ದಾಖಲೆ; ಆ ಬರಹಗಳೆಲ್ಲ ಅದರ ಬಾಲ ಹಿಡಿದು ಬಂದವು. ಒಂದು ಕ್ಷಣ ಕಣ್ಣು ಮುಚ್ಚಿ ಆ ಜಿಂಕೆಯನ್ನು ಗ್ರಂಥಾಲಯದ ಕಪಾಟಿನ ನಡುವೆ ನಿಲ್ಲಿಸಿ ನೋಡಿ. ಯಾವುದು ಸಾಕ್ಷಿ, ಯಾಕೆ ಸಾಕ್ಷಿ ಎಂಬ ಪ್ರಶ್ನೆಗೆ ಕೊಂಬು ಮೂಡುತ್ತದೆ.

ಇಲ್ಲಿಗೆ ನಮ್ಮ ಬೆಂಗಳೂರೂ ಬರುತ್ತದೆ. 1997ರ ಪ್ರಬಂಧದಲ್ಲಿ ಬಕ್ಲಂಡ್ ಬ್ರಿಯೆಯ ಎದುರಿಗೆ ತಂದು ನಿಲ್ಲಿಸಿದವರಲ್ಲಿ ಎಸ್.ಆರ್. ರಂಗನಾಥನ್ ಒಬ್ಬರು. 1962ರಲ್ಲಿ ಬೆಂಗಳೂರಿನಲ್ಲಿ, ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಆಶ್ರಯದಲ್ಲಿ ಡಿಆರ್‌ಟಿಸಿ ಎಂಬ ದಾಖಲೀಕರಣ ಕೇಂದ್ರ ಕಟ್ಟಿದ ಗಣಿತದ ಮೇಷ್ಟ್ರು ಅವರು. 1972ರಲ್ಲಿ ಕೊನೆಯುಸಿರೆಳೆದದ್ದೂ ಇದೇ ಊರಿನಲ್ಲಿ. ಜಿಂಕೆಗೆ ಅವರು ಜಾಗ ಕೊಡಲಿಲ್ಲ. ಕಾಗದದಂಥ ಮೇಲ್ಮೈಯಲ್ಲಿ ಮೂಡಿದ, ಸಾಗಿಸಲು, ಕಾಪಾಡಲು ಬರುವ ವಿಚಾರ ಮಾತ್ರ ದಾಖಲೆ ಎಂಬುದು ಅವರ ಬಿಗಿಯಾದ ನಿಲುವು. ನನ್ನ ಒಲವು ಬ್ರಿಯೆಯ ಕಡೆಗೆ. ಆದರೂ ದಿನವಿಡೀ ಓದುಗರಿಗೆ ಪುಸ್ತಕ ಹುಡುಕಿಕೊಡಬೇಕಾದವರ ಕಷ್ಟ ರಂಗನಾಥನ್ ಅವರಿಗೆ ಗೊತ್ತಿತ್ತು ಎಂಬುದನ್ನು ಮರೆಯುವಂತಿಲ್ಲ. ಅವರ ಇನ್ನೊಂದು ಕೊಡುಗೆಯಂತೂ ಸೌತ್ ಹಾಲಿನಲ್ಲಿ ನೆಲೆ ಕಂಡಿತು. ಲಂಡನ್ನಿನ ಅಂಗಡಿಯಲ್ಲಿ ಮೆಕ್ಯಾನೊ ಆಟಿಕೆ ಕಂಡು, ವಿಷಯಗಳನ್ನೂ ಹೀಗೆ ಬಿಡಿ ತುಂಡುಗಳಿಂದ ಜೋಡಿಸಬಹುದಲ್ಲ ಎಂದು ಅವರಿಗೆ ಹೊಳೆದದ್ದು ಮುಂದೆ ವಿಷಯದ ಬೇರೆಬೇರೆ ಮುಖಗಳನ್ನು ಆಧರಿಸಿದ ವರ್ಗೀಕರಣವಾಗಿ ಬೆಳೆಯಿತು. 2000ದ ದಶಕದ ಆರಂಭದಲ್ಲಿ ಇದೇ ಶಾಲೆಯ ಪ್ರಾಧ್ಯಾಪಕಿ ಮಾರ್ಟಿ ಹರ್ಸ್ಟ್ ಬರ್ಕ್ಲಿಯಲ್ಲಿ ಕಟ್ಟಿದ ‘ಫ್ಲಮೆಂಕೋ’ ಎಂಬ ಹುಡುಕು ವ್ಯವಸ್ಥೆ ನಡೆದದ್ದು ಇಂಥ ಮುಖಗಳ ಮೇಲೆಯೇ. ಆನ್‌ಲೈನಿನಲ್ಲಿ ಸೀರೆ ಕೊಳ್ಳುವಾಗ ಬಣ್ಣ, ಬೆಲೆ, ನೂಲು ಎಂದು ಒಂದೊಂದಾಗಿ ಆರಿಸುತ್ತ ಹೋಗುತ್ತೀರಲ್ಲ, ಅದೇ ವಿದ್ಯೆ.

ಬಕ್ಲಂಡ್ ಹುಡುಕಿ ತೆಗೆದ ಇನ್ನೊಬ್ಬರು ಎಮಾನ್ಯುಯೆಲ್ ಗೋಲ್ಡ್‌ಬರ್ಗ್. ಡ್ರೆಸ್ಡನ್ನಿನ ಜೈಸ್ ಇಕಾನ್ ಕಾರ್ಖಾನೆಯ ಮುಖ್ಯಸ್ಥ. ಕಡತಗಳನ್ನು ಸಣ್ಣ ಫಿಲ್ಮಿಗಿಳಿಸಿ, ಪ್ರತಿಯೊಂದರ ಪಕ್ಕ ಕಪ್ಪು ಚುಕ್ಕಿಗಳ ಗುರುತು ಹಾಕಿ, ದೀಪದ ಮುಂದೆ ಓಡಿಸುವ ಯಂತ್ರವನ್ನು ಅವರು ಕಟ್ಟಿದರು. ಹುಡುಕುವ ಗುರುತೂ ಫಿಲ್ಮಿನ ಗುರುತೂ ಸರಿಯಾಗಿ ಕೂಡಿದ ಗಳಿಗೆಯಲ್ಲಿ ಬೆಳಕಿಗೆ ಪೂರಾ ತಡೆ ಬೀಳುತ್ತದೆ, ದ್ಯುತಿಕೋಶಕ್ಕೆ ಕತ್ತಲಾಗುತ್ತದೆ, ಬೇಕಾದದ್ದು ಸಿಕ್ಕಿತು ಎಂದು ಯಂತ್ರಕ್ಕೆ ಗೊತ್ತಾಗುವುದು ಆ ಕತ್ತಲೆಯಿಂದ! 1931ರಲ್ಲಿ ಇದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಅಮೆರಿಕದ ಎಂಜಿನಿಯರ್ ವ್ಯಾನೆವರ್ ಬುಷ್ ದಾಖಲೆ ಹುಡುಕುವ ಇಂಥದೇ ‘ಮೆಮೆಕ್ಸ್’ ಯಂತ್ರದ ಕನಸನ್ನು ಬರೆದು ಹೆಸರಾದದ್ದು 1945ರಲ್ಲಿ. ಗೋಲ್ಡ್‌ಬರ್ಗ್ ಯಹೂದಿ, 1933ರಲ್ಲಿ ನಾಜಿಗಳು ಅವರನ್ನು ಹೊತ್ತೊಯ್ದರು, ಬಿಡುಗಡೆಯಾದ ಮೇಲೆ ಅವರು ದೇಶ ಬಿಟ್ಟರು, ಹೆಸರು ಅಳಿಸಿಹೋಯಿತು. ಬಕ್ಲಂಡ್ 2006ರಲ್ಲಿ ಅವರ ಜೀವನಚರಿತ್ರೆ ಪ್ರಕಟಿಸಿ ಆ ಅನ್ಯಾಯವನ್ನು ಆದಷ್ಟು ಸರಿಪಡಿಸಿದರು.

ಅದೇ ಶಾಲೆಯಲ್ಲಿ ಮಾಹಿತಿಯ ಚರಿತ್ರೆ ಎಂಬ ಪಾಠವನ್ನು ಭಾಷಾತಜ್ಞ ಜೆಫ್ರಿ ನನ್‌ಬರ್ಗ್ ಜೊತೆ ಸೇರಿ ಕಲಿಸಿದವರು ಪಾಲ್ ದುಗಿಡ್. ಜಾನ್ ಸೀಲಿ ಬ್ರೌನ್ ಜೊತೆ ಅವರು 2000ದಲ್ಲಿ ಬರೆದ ‘ದಿ ಸೋಶಿಯಲ್ ಲೈಫ್ ಆಫ್ ಇನ್‌ಫರ್ಮೇಶನ್’ ಪುಸ್ತಕದಲ್ಲಿ ಒಂದು ಪ್ರಸಂಗವಿದೆ. ದುಗಿಡ್ ಧೂಳಿಗೆ ಹೆದರುತ್ತ ಹಳೆಯ ವ್ಯಾಪಾರಿ ಪತ್ರಗಳನ್ನು ಓದುತ್ತಿದ್ದಾರೆ. ಪಕ್ಕದಲ್ಲಿ ಕೂತ ಇನ್ನೊಬ್ಬ ಸಂಶೋಧಕ ಒಂದೊಂದೇ ಪತ್ರವನ್ನು ಮೂಗಿಗೆ ಹಿಡಿದು ಮೂಸುತ್ತಿದ್ದಾನೆ, ಓದುವ ಗೋಜಿಗೇ ಹೆಚ್ಚು ಹೋಗುತ್ತಿಲ್ಲ. ಕೇಳಿದರೆ ಆತ ವೈದ್ಯಕೀಯ ಚರಿತ್ರೆಕಾರ. ಕಾಲರಾ ಬಿದ್ದ ಊರಿನಿಂದ ಹೊರಟ ಕಾಗದಗಳಿಗೆ ಸೋಂಕು ತಗಲದಿರಲೆಂದು ವಿನಿಗರ್ ಹಾಕುತ್ತಿದ್ದರಂತೆ. ಇನ್ನೂ ಉಳಿದಿದ್ದ ಆ ಹುಳಿ ವಾಸನೆಯ ಜಾಡು ಹಿಡಿದು, ಪತ್ರದ ತಾರೀಖು ನೋಡಿ, ರೋಗ ಎಲ್ಲಿಂದ ಎಲ್ಲಿಗೆ ಹಬ್ಬಿತು ಎಂದು ಆತ ಗುರುತು ಮಾಡುತ್ತಿದ್ದ. ಸ್ಕ್ಯಾನ್ ಮಾಡಿದ ಪ್ರತಿಯಲ್ಲಿ ಅಕ್ಷರಗಳೆಲ್ಲ ಬರುತ್ತವೆ, ಆ ಸಾಕ್ಷಿ ಮಾತ್ರ ಬರುವುದಿಲ್ಲ. ಮಾಹಿತಿಗೆ ಮೈಯಿದೆ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮೈಯಿಲ್ಲದ್ದನ್ನು ಕಾಪಾಡುವುದು ಹೇಗೆ ಎಂಬ ಚಿಂತೆ ಗೋಷ್ಠಿಯ ಜೊತೆಗಾರ ಲಿಂಚ್ ಅವರದಾಗಿತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯಗಳ ‘ಮೆಲ್ವಿಲ್’ ಆನ್‌ಲೈನ್ ಕ್ಯಾಟಲಾಗ್ ಬೆಳೆಸುವ ಕೆಲಸದಲ್ಲಿ ಪಳಗಿದ ಅವರು 1997ರಿಂದ ವಾಷಿಂಗ್ಟನ್ನಿನ ಕೊಲಿಶನ್ ಫಾರ್ ನೆಟ್‌ವರ್ಕ್ಡ್ ಇನ್‌ಫರ್ಮೇಶನ್ ಸಂಸ್ಥೆಯನ್ನು ಮುನ್ನಡೆಸಿದರು. ನಿಮ್ಮ ಫೋನಿನಲ್ಲಿ ಇಂದು ಬೆಳಿಗ್ಗೆ ಕಂಡ ಸುದ್ದಿಯ ಸಾಲು ಪಕ್ಕದ ಮನೆಯವರಿಗೆ ಕಂಡಿಲ್ಲ, ನಾಳೆ ನಿಮಗೂ ಕಾಣುವುದಿಲ್ಲ; ಒಬ್ಬೊಬ್ಬರಿಗೂ ಆ ಗಳಿಗೆಗೆಂದೇ ಹೆಣೆದು ಕೊಡುವ ಇಂಥದ್ದನ್ನು ಮುಂದಿನ ತಲೆಮಾರಿಗೆ ಎತ್ತಿಡುವುದು ಹೇಗೆ ಎಂದು ಅವರು 2017ರ ಪ್ರಬಂಧದಲ್ಲಿ ಕೇಳಿದರು. ಪುಟವನ್ನು ನಕಲು ಮಾಡಿಟ್ಟರೆ ಸಾಲದು, ಜನ ಏನನ್ನು ಕಂಡರು ಎಂಬುದನ್ನೇ ಬರೆದಿಡಬೇಕಾದೀತು ಎಂಬುದು ಅವರ ಮಾತಿನ ತಿರುಳು. ಜಿಂಕೆಯನ್ನು ಪಂಜರದಲ್ಲಿಡಬಹುದು, ಪತ್ರವನ್ನು ಮೂಸಬಹುದು. ಇದನ್ನು ಏನು ಮಾಡುವುದು? ಉತ್ತರ ಇನ್ನೂ ಸಿಕ್ಕಿಲ್ಲ. ಲಿಂಚ್ 2025ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ನಮ್ಮಲ್ಲೂ ಮೈಸೂರಿನ ಮಾನಸಗಂಗೋತ್ರಿಯಲ್ಲಿ, ಧಾರವಾಡದಲ್ಲಿ, ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನದ ವಿಭಾಗಗಳಿವೆ. ರಂಗನಾಥನ್ ಕಟ್ಟಿದ ಕೇಂದ್ರ ಮೈಸೂರು ರಸ್ತೆಯಲ್ಲಿದೆ. ಮಠಗಳ ಓಲೆಗರಿ, ಮಂಡಿ ವ್ಯಾಪಾರಿಗಳ ಕಡತ, ಅಜ್ಜಿಯರ ಟ್ರಂಕಿನ ಪತ್ರ ನಮ್ಮಲ್ಲಿ ಬೇಕಾದಷ್ಟಿವೆ. ವಾರಕ್ಕೊಂದು ಮಧ್ಯಾಹ್ನ ಕೊಠಡಿಯ ಬಾಗಿಲು ತೆರೆದಿಟ್ಟು, ಊರಿನವರನ್ನೂ ಕೂರಿಸಿಕೊಂಡು, ಅವುಗಳಲ್ಲಿ ಒಂದನ್ನು ಮೇಜಿನ ಮೇಲಿಟ್ಟು ಎರಡು ಗಂಟೆ ಮಾತಾಡಿ ಎಂದು ಅಲ್ಲಿನ ಮೇಷ್ಟ್ರುಗಳನ್ನು ಕೇಳಿಕೊಳ್ಳುತ್ತೇನೆ. ಇದಕ್ಕೆ ಅನುದಾನವೇನೂ ಬೇಕಾಗಿಲ್ಲ.