ಕ್ರೀಟಿನವಳ ಮನೆ

ಕಲಾವಸ್ತುವನ್ನು ಅದರ ನೆಲೆಯಿಂದ ಕಿತ್ತು ಗಾಜಿನ ಕಪಾಟಿನಲ್ಲಿಟ್ಟರೆ ರೂಪವು ಉಳಿಯುವುದು; ಬಾಳು ಉಳಿಯದು. ವಸ್ತುಸಂಗ್ರಹಾಲಯಗಳಿಗೆ ಸಹಜವಾದ ಈ ಕೊರತೆಯನ್ನು ಕೈರೋ ನಗರದ ಗೇಯರ್-ಆಂಡರ್‌ಸನ್ ಸಂಗ್ರಹಾಲಯವು ಎಷ್ಟರಮಟ್ಟಿಗೆ ನೀಗಿದೆಯೆಂಬುದು ವಿಚಾರಾರ್ಹವಾಗಿದೆ.

ಕ್ರಿ. ಶ. 879ರಲ್ಲಿ ಮುಗಿದ ಇಬ್ನ್ ತುಲೂನ್ ಮಸೀದಿಯ ಮಗ್ಗುಲಲ್ಲಿ ಎರಡು ಹಳೆಯ ಮನೆಗಳಿವೆ. ಒಂದು 1540ರದು, ಮತ್ತೊಂದು 1632ರದು; ಮೇಲಂತಸ್ತಿನ ಸೇತುವೆಯೊಂದು ಅವೆರಡನ್ನೂ ಕೂಡಿಸುತ್ತದೆ. ಎರಡನೆಯದು ಕಾಲಾಂತರದಲ್ಲಿ ಕ್ರೀಟ್ ದ್ವೀಪದ ಮಹಿಳೆಯೊಬ್ಬಳ ಪಾಲಿಗೆ ಬಂದುದರಿಂದ ‘ಬೈತ್ ಅಲ್-ಕ್ರಿತ್ಲಿಯ್ಯ’, ಎಂದರೆ ಕ್ರೀಟಿನವಳ ಮನೆ, ಎನಿಸಿಕೊಂಡಿತು. ಆಂಗ್ಲ ಸೈನ್ಯದಲ್ಲಿ ವೈದ್ಯನಾಗಿದ್ದ ಗೇಯರ್-ಆಂಡರ್‌ಸನ್ 1935ರಲ್ಲಿ ಇಲ್ಲಿ ನೆಲಸಿ, ಕೋಣೆಗಳನ್ನು ತನ್ನ ಸಂಗ್ರಹದಿಂದ ಸಜ್ಜುಗೊಳಿಸಿದನು. 1942ರಲ್ಲಿ ಸ್ವದೇಶಕ್ಕೆ ಮರಳುವಾಗ ಸಂಗ್ರಹವನ್ನು ಈಜಿಪ್ತ ಸರಕಾರಕ್ಕೆ ಒಪ್ಪಿಸಿದನು.

ಈ ಸಂಗ್ರಹಾಲಯದ ನಿಜವಾದ ಹಿರಿಮೆ ಮನೆಯಲ್ಲಿಯೇ ಇದೆ. ಕೆಳಗೆ ಕಾರಂಜಿಯ ಪಡಸಾಲೆ, ಗಂಡಸರು ಅತಿಥಿಗಳನ್ನು ಸತ್ಕರಿಸುತ್ತಿದ್ದ ಸ್ಥಳ. ಮೇಲೆ ಹೆಂಗಸರು ಮರೆಯಲ್ಲಿ ಕುಳಿತು ಅದನ್ನು ನೋಡುತ್ತಿದ್ದ ಮೊಗಸಾಲೆ. ನಡುವೆ ಮಶ್ರಬಿಯ್ಯ ಎಂಬ ಮರದ ಜಾಲಂದ್ರ. ಕಡೆದ ಸಣ್ಣ ಸಣ್ಣ ತುಂಡುಗಳನ್ನು ಜೋಡಿಸಿ ಮಾಡಿದ ಈ ಜಾಲಂದ್ರವು ಬಿಸಿಲಿನ ಉಗ್ರತೆಯನ್ನು ತಗ್ಗಿಸುತ್ತದೆ, ಗಾಳಿಯನ್ನು ಒಳಗೆ ಬಿಡುತ್ತದೆ, ಒಳಗಿನವರಿಗೆ ನೋಟವನ್ನೂ ಹೊರಗಿನವರಿಗೆ ಮರೆಯನ್ನೂ ಕೊಡುತ್ತದೆ. ಕಪಾಟಿನಲ್ಲಿ ಬರಿಯ ಕೆತ್ತನೆಯಾಗಿ ತೋರುವುದು ಇಲ್ಲಿ ಒಂದು ಸಂಸಾರದ ಮರ್ಯಾದೆಯಾಗಿ, ಒಂದು ಹವೆಗೆ ಕೊಟ್ಟ ಉತ್ತರವಾಗಿ ತಿಳಿಯುತ್ತದೆ. ಅಲಂಕಾರವೂ ಉಪಯೋಗವೂ ಬೇರೆಯಲ್ಲವೆಂಬ ತತ್ತ್ವಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಆದರೆ ಸಂಗ್ರಾಹಕನ ಅಭಿರುಚಿಯು ಎಲ್ಲೆಡೆಯೂ ಈ ಸಂಯಮವನ್ನು ಪಾಲಿಸಿಲ್ಲ. ಪಾರಸಿಕ ಕೋಣೆ, ತುರ್ಕಿ ಕೋಣೆ, ದಮಾಸ್ಕಸ್ ಕೋಣೆ ಎಂದು ನಾನಾ ದೇಶಗಳು ಒಂದೇ ಸೂರಿನಡಿ ನೆರೆದಿವೆ. ಕೈರೋದ ಗೃಹಸ್ಥನು ಹೀಗೆ ಬಾಳಿದನೆಂದು ನೋಡುವವನು ಭ್ರಮಿಸಬಾರದು. ಬಣ್ಣಬಣ್ಣದ ಮರದ ಹಲಗೆಗಳಿಂದ ಕಂಗೊಳಿಸುವ ದಮಾಸ್ಕಸ್ ಕೋಣೆಯು ಮನೋಹರವಾದುದು, ನಿಜ. ಆದರೆ ಆ ಹಲಗೆಗಳು ಸಿರಿಯಾದ ಮತ್ತೊಂದು ಮನೆಯನ್ನು ಬಿಟ್ಟು ಬಂದವು. ಒಂದು ಮನೆಯ ಬಾಳನ್ನು ಕಾಪಾಡಿದ ಸಂಗ್ರಹದಲ್ಲಿಯೇ ಮತ್ತೊಂದು ಮನೆಯ ಸಿರಿ ಅನಾಥವಾಗಿ ನಿಂತಿದೆ.

ಈ ದೋಷದಿಂದ ದಾನದ ಗುಣವು ಅಳಿಯದು. ಬರಿದಾಗಿದ್ದ ಮನೆಗೆ ಜೀವಕಳೆ ತಂದ ಕೀರ್ತಿ ಆತನಿಗೆ ಸಲ್ಲತಕ್ಕದ್ದೇ. ಆದರೂ ಮನೆಗೆ ಹುಟ್ಟಿನಿಂದ ಬಂದುದಾವುದು, ಹೊರಗಿನಿಂದ ಕೂಡಿದುದಾವುದು ಎಂಬ ವಿವೇಕವು ನೋಡುವವನಲ್ಲಿರಬೇಕು. ಸಂಗ್ರಹವನ್ನು ಬೇರೆಡೆಗೆ ಸಾಗಿಸಬಹುದು; ಜಾಲಂದ್ರದ ಕಂಡಿಗಳಲ್ಲಿ ನುಸುಳಿ ಆ ಪಡಸಾಲೆಯ ನೆಲದ ಮೇಲೆ ಬೀಳುವ ಬೆಳಕನ್ನು ಸಾಗಿಸಲಾಗದು.