ಅಪ್ಪನ ವರಾಹ, ಮಗನ ರೂಪಾಯಿ

ಹೈದರಾಲಿ ಹುಟ್ಟಿದ್ದು ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ. ಆದರೆ ಸಂಗ್ರಾಹಕರು ‘ಇಸ್ಲಾಮಿ ಬೆಳ್ಳಿ ನಾಣ್ಯ’ ಎಂದು ಚೀಟಿ ಅಂಟಿಸಿದ ಆಲ್ಬಮ್ಮಿನಲ್ಲಿ ಅವನಿಗೆ ಜಾಗವಿಲ್ಲ. ಅವನ ಹೆಸರಾಂತ ನಾಣ್ಯ ಚಿನ್ನದ ವರಾಹ. ಒಂದು ಮುಖದಲ್ಲಿ ಶಿವಪಾರ್ವತಿಯರು, ಇನ್ನೊಂದರಲ್ಲಿ ಚುಕ್ಕಿಗಳ ನಡುವೆ ಅವನ ಹೆಸರಿನ ಮೊದಲ ಪಾರ್ಸಿ ಅಕ್ಷರ. 1763ರಲ್ಲಿ ಬಿದನೂರನ್ನು ಗೆದ್ದವನು ಇಕ್ಕೇರಿ ಅರಸರ ವರಾಹದ ಶಿವಪಾರ್ವತಿ ಮುಖವನ್ನು ಹಾಗೇ ಉಳಿಸಿಕೊಂಡ. ಬೆಳ್ಳಿ ರೂಪಾಯಿ ಟಂಕಿಸಿದವನು ಮಗ ಟಿಪ್ಪು. ಲೋಹ, ಲಿಪಿ ನೋಡಿ ವಿಂಗಡಿಸುವ ಹವ್ಯಾಸ ಅಪ್ಪನನ್ನೂ ಮಗನನ್ನೂ ಬೇರೆ ಬೇರೆ ಡಬ್ಬಿಗೆ ಹಾಕುತ್ತದೆ. ನನ್ನ ತಕರಾರು ಅದರ ಮೇಲೆ.

ಟಿಪ್ಪುವಿನ ಬೆಳ್ಳಿಯಲ್ಲಿ ಎಲ್ಲರೂ ಬೆನ್ನು ಹತ್ತುವುದು ‘ಹೈದರಿ’ಯನ್ನು, ಸುಮಾರು 23 ಗ್ರಾಂ ತೂಗುವ ಎರಡು ರೂಪಾಯಿ. ಅದರ ಕೆಳಗೆ ಇಮಾಮಿ, ಆಬಿದಿ, ಬಾಕಿರಿ, ಜಾಫರಿ, ಕಾಜಿಮಿ, ಖಿಜ್ರಿ ಎಂದು ರೂಪಾಯಿಯ 32ನೆಯ ಒಂದು ಪಾಲಿನವರೆಗೂ ಚಿಲ್ಲರೆ ಇಳಿಯುತ್ತದೆ. ಬಹುಪಾಲು ಹೆಸರುಗಳು ಶಿಯಾ ಇಮಾಮರವು, ಹೊರಡಿಸಿದ ದೊರೆ ಸುನ್ನಿ! ದೊಡ್ಡ ನಾಣ್ಯದ ಬರಹದಲ್ಲಿ ಪ್ರವಾದಿ ಅಹ್ಮದರ ಧರ್ಮ ಬೆಳಗುವುದು ಹೈದರನ ಗೆಲುವಿನಿಂದ. ಆ ಹೈದರ್ ಪ್ರವಾದಿಯ ಅಳಿಯ ಅಲಿಯೂ ಹೌದು, ಬೂದಿಕೋಟೆಯ ಅಪ್ಪನೂ ಹೌದು. ದೆಹಲಿಯ ಬಾದಶಹನ ಹೆಸರು ಮಾತ್ರ ಎಲ್ಲೂ ಇಲ್ಲ. ಬರೀ ಬೆಳ್ಳಿಯ ತೂಕ ನೋಡಿ ಬೆಲೆ ಕಟ್ಟುವವರಿಗೆ ಇದೆಲ್ಲ ಬೇಕಿಲ್ಲ.

ತಾರೀಖಿನದು ಇನ್ನೂ ಸೊಗಸು. ಮೊದಲ ವರ್ಷಗಳಲ್ಲಿ ಹಿಜ್ರಿ. 1787ರಿಂದ ಟಿಪ್ಪುವೇ ತಂದ ಮೌಲೂದಿ ಶಕ. ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು, ಇಲ್ಲದಿದ್ದರೆ 1215 ಹೋಗಿ 5121 ಆಗುತ್ತದೆ. ಇಷ್ಟನ್ನು ಕಲಿತು ನಿಲ್ಲುವವರೇ ಹೆಚ್ಚು. ಆದರೆ ಈ ಪಂಚಾಂಗ ಶುದ್ಧ ಚಾಂದ್ರಮಾನ ಹಿಜ್ರಿಯದಲ್ಲ. ಅಧಿಕ ಮಾಸ ಸೇರಿಸಿಕೊಂಡು, ನಮ್ಮ ಅರವತ್ತು ಸಂವತ್ಸರಗಳ ಚಕ್ರಕ್ಕೆ ಹೊಂದಿಕೊಂಡು ನಡೆಯುತ್ತದೆ. ಆ 1215 ನಮ್ಮ ಪ್ಲವಂಗ ಸಂವತ್ಸರ. ಕೋಲಾರದ ಶಾನುಭೋಗನ ಲೆಕ್ಕಕ್ಕೂ ಶ್ರೀರಂಗಪಟ್ಟಣದ ಟಂಕಸಾಲೆಗೂ ವರ್ಷ ಒಟ್ಟಿಗೇ ತಿರುಗುತ್ತಿತ್ತು ಎಂದಾಯಿತು. ಇದನ್ನು ‘ಇಸ್ಲಾಮಿ’ ಎಂದಷ್ಟೇ ಹೇಳಿದರೆ ಅರ್ಧ ಹೇಳಿದಂತೆ.

ಕೈಪಿಡಿ ಎಂದರೆ ಇಂದಿಗೂ ಮದರಾಸಿನ ವಸ್ತುಸಂಗ್ರಹಾಲಯದಲ್ಲಿದ್ದ ಜೆ.ಆರ್. ಹೆಂಡರ್ಸನ್‌ರ 1921ರ ಪುಸ್ತಕ. ಶೀರ್ಷಿಕೆಯಲ್ಲೇ ತಂದೆ-ಮಗ ಇಬ್ಬರನ್ನೂ ಸೇರಿಸಿದ್ದು ಅದರ ದೊಡ್ಡ ಗುಣ. ಯಾವ ನಾಣ್ಯ ಎಲ್ಲಿಯದು ಎಂದು ಪತ್ತೆ ಹಚ್ಚಲು ಅದು ಸಾಕು. ಯಾರ ಕೈಯಲ್ಲಿ ಹೇಗೆ ಓಡಾಡಿತು ಎಂಬುದನ್ನು ನಾಣ್ಯದ ಸವೆತದಲ್ಲೇ ಹುಡುಕಬೇಕು. ಹುಣಸೆಹುಳಿ ಹಾಕಿ ತಿಕ್ಕುವ ಪುಣ್ಯಾತ್ಮರು ಅಳಿಸುವುದು ಅದನ್ನೇ. ತಾಯಿತಕ್ಕೆಂದು ಕೊಂಡಿ ಬೆಸೆದ ರೂಪಾಯಿಯನ್ನು ವ್ಯಾಪಾರಿಗಳು ‘ಹಾಳಾದ ಮಾಲು’ ಎನ್ನುತ್ತಾರೆ. ನನಗೆ ಅದು ಹೊಳೆಯುವ ಹೈದರಿಗಿಂತ ಹೆಚ್ಚು ಓದಿಸಿಕೊಳ್ಳುತ್ತದೆ, ಅದನ್ನು ಯಾರೋ ಮೈಮೇಲೆ ಧರಿಸಿದ್ದರಲ್ಲ.

ಹೊಸದಾಗಿ ಶುರುಮಾಡುವವರು ಹೈದರಿಗೆ ಹಣ ಸುರಿಯುವ ಮುಂಚೆ ಟಿಪ್ಪುವಿನ ಆನೆ ಮಾರ್ಕಿನ ತಾಮ್ರದ ಪೈಸೆಯೊಂದನ್ನು ಕೊಳ್ಳಲಿ. ಬೆಲೆ ಕಡಿಮೆ, ಅದರಲ್ಲೂ ಅದೇ ಮೌಲೂದಿ ವರ್ಷ ಸಿಗುತ್ತದೆ.